ಚುಕ್ಕಿಪಟ್ಟಿಯ ಸಾಕ್ಷಿ

ಬೆಳಿಗ್ಗೆ ಒಂಬತ್ತಕ್ಕೆ ಪುಸ್ತಕ ಹೊಲಿಯುವ ಬೈಂಡರು ಬ್ರೈಲ್ ಮುದ್ರಣಾಲಯದ ಬೀಗ ತೆಗೆದು ಒಳಗೆ ಬಿಟ್ಟಾಗ, ರಿಪೇರಿಯವಳು ನೇರ ಯಂತ್ರದ ಬಳಿ ಹೋದಳು. ಹನ್ನೆರಡು ವರ್ಷದ ಕಂಪ್ಯೂಟರು ಕಪ್ಪು ಪರದೆ ತೋರಿಸುತ್ತಿತ್ತು. ಎಷ್ಟು ಸಲ ಗುಂಡಿ ಒತ್ತಿದರೂ ಒಂದೇ ಸಾಲು: ಆರಂಭಿಸಲು ಏನೂ ಸಿಗಲಿಲ್ಲ.

ಅಷ್ಟು ಹಳೆಯ ಯಂತ್ರಕ್ಕೆ ಹೊಸ ಆಪರೇಟಿಂಗ್ ಸಿಸ್ಟಂ ಕೊಡುವುದಿಲ್ಲವೆಂದು ಕಂಪನಿ ಕೈತೊಳೆದುಕೊಂಡಿತ್ತು. ಹಳೆಯ ಸಿಸ್ಟಂನಲ್ಲಿ ಈ ವರ್ಷದ ಪಠ್ಯಪುಸ್ತಕಗಳೇ ತೆರೆಯುತ್ತಿರಲಿಲ್ಲ. ಹೊಸ ಕಂಪ್ಯೂಟರು ತರೋಣವೆಂದರೆ, ಚುಕ್ಕಿ ಒತ್ತುವ ಯಂತ್ರದ ಅಗಲವಾದ ಕೇಬಲ್ಲಿಗೆ ಅದರಲ್ಲಿ ಕಿಂಡಿಯಿಲ್ಲ. ಇವಳು ಹಟ ಹಿಡಿದು, ನಡುವೆ ಪುಟ್ಟದೊಂದು ದಲ್ಲಾಳಿ ಪ್ರೋಗ್ರಾಂ ಕೂರಿಸಿ, ಹೊಸ ಸಿಸ್ಟಂ ಅನ್ನೇ ಹಳೆಯ ಕಂಪ್ಯೂಟರಿನೊಳಗೆ ಇಳಿಸಿದ್ದಳು. ಒಂದು ವಾರವೂ ಬಾಳದು ಎಂದು ಮ್ಯಾನೇಜರು ಆಡಳಿತ ಮಂಡಳಿಗೆ ಬರೆದುಕೊಟ್ಟಿದ್ದರು. ಇಪ್ಪತ್ತು ದಿನ ಬಾಳಿತ್ತು. ಇವತ್ತು ಹನ್ನೊಂದಕ್ಕೆ ಮಂಡಳಿಯ ಅಧ್ಯಕ್ಷೆ ಬರುವವರಿದ್ದರು. ಯಂತ್ರ ಓಡದಿದ್ದರೆ ಮುದ್ರಣಾಲಯಕ್ಕೆ ಶಾಶ್ವತವಾಗಿ ಬೀಗ.

ಅವಳು ಓಡಿದ್ದು ಹಿಂದಿನ ಕೋಣೆಗೆ. ಅಲ್ಲೇ ವಾಸವಿದ್ದ ದೊಡ್ಡಮ್ಮ, ಅವಳ ತಾಯಿಯ ಅಕ್ಕ, ಕರಡು ತಿದ್ದುವವರು. ಹುಟ್ಟಿನಿಂದ ಕಣ್ಣಿಲ್ಲ. ಆ ಕಟ್ಟಡದಲ್ಲಿ ಏನೇ ಕಳೆದರೂ ಹುಡುಕಿಕೊಟ್ಟವರು ಮಾತ್ರ ಅವರೇ.

“ಅಳೋದು ಮುಗೀತಾ? ಕಂಪ್ಯೂಟರಿನ ಗಡಿಯಾರ ಎಷ್ಟು ತೋರಿಸುತ್ತೆ ನೋಡು,” ಎಂದರು ದೊಡ್ಡಮ್ಮ.

ಅವರನ್ನು ಯಂತ್ರದ ಬಳಿಗೆ ಕರೆತಂದು ನೋಡಿದಳು: ಹನ್ನೆರಡು ವರ್ಷ ಹಿಂದಿನ ಜನವರಿ ಒಂದು. ಒಳಗಿನ ಬಿಲ್ಲೆ ಬ್ಯಾಟರಿ ಸತ್ತಿರಬೇಕೆಂದಳು ಅವಳು. ಆದರೆ ಅದನ್ನು ಹೋದ ತಿಂಗಳಷ್ಟೇ ಬದಲಿಸಿದ್ದಳು. ಬಿಚ್ಚುವ ಮೊದಲು ದೊಡ್ಡಮ್ಮ ಪೆಟ್ಟಿಗೆಯ ಮುಚ್ಚಳ ಸವರಿದರು. ಮುಚ್ಚಳ ಕೂಡುವ ಸಂದಿಯ ಮೇಲೆ ಅವಳು ‘ತೆರೆಯಬೇಡಿ’ ಎಂಬ ಬ್ರೈಲ್ ಅಕ್ಷರದ ಚುಕ್ಕಿಪಟ್ಟಿ ಅಂಟಿಸಿದ್ದಳು. ದೊಡ್ಡಮ್ಮ ಅದರ ಮೇಲೆ ಎರಡು ಸಲ ಬೆರಳಾಡಿಸಿ, ಮಣಿಕಟ್ಟನ್ನು ಪೂರ್ತಿ ತಿರುಗಿಸಿ ಮೂರನೇ ಸಲ ಓದಿದರು. ನಿನ್ನೆ ಸಂಜೆ ವಾಕಿಂಗ್ ಹೊರಡುವಾಗ ಅದು ಸರಿಯಿತ್ತು ಎಂದಷ್ಟೇ ಹೇಳಿ, ಪಟ್ಟಿ ಕಿತ್ತು ಮುಷ್ಟಿಯಲ್ಲಿಟ್ಟುಕೊಂಡರು.

ಬ್ಯಾಟರಿ ಅಳೆದರೆ ಭರ್ತಿಯಿತ್ತು.

ಹನ್ನೊಂದಕ್ಕೆ ಅಧ್ಯಕ್ಷೆಯ ಮುಂದೆ ಬೀಗದ ಕೈ ಇದ್ದ ಮೂವರೂ ನಿಂತರು: ಕಣ್ಣಿಲ್ಲದ ಬೈಂಡರು, ಬ್ರೈಲ್ ಚುಕ್ಕಿಗಳನ್ನು ಕಣ್ಣಿನಲ್ಲೇ ಓದಬಲ್ಲ, ಚುಕ್ಕಿಯಂತ್ರ ನಡೆಸುವ ಅಕ್ಕ, ಮತ್ತೆ ಮ್ಯಾನೇಜರು.

“ಮುದಿ ಕತ್ತೆಗೆ ಕುದುರೆ ಜೀನು ಹಾಕಿದ್ರೆ ಓಡುತ್ತಾ ಮೇಡಂ?” ಎಂದರು ಮ್ಯಾನೇಜರು.

ದೊಡ್ಡಮ್ಮ ಮೂವರಿಗೂ ಒಂದೇ ಕೆಲಸ ಕೊಟ್ಟರು, ಪಟ್ಟಿಯನ್ನು ಅದರ ಜಾಗಕ್ಕೆ ಅಂಟಿಸುವುದು. ಬೈಂಡರು ಹೆಬ್ಬೆರಳಿಂದ ಸವರಿ ಅಂಟಿಸಿದರು. ಅಕ್ಕ ನೋಡಿದವಳೇ ಅಂಟಿಸಿದಳು. ಮ್ಯಾನೇಜರು ಪಟ್ಟಿಯನ್ನು ಹಾಗೊಮ್ಮೆ ಹೀಗೊಮ್ಮೆ ತಿರುಗಿಸಿದರು.

“ಯಾವ ಕಡೆ ಮೇಲೆ?”

ದೊಡ್ಡಮ್ಮ ಪಟ್ಟಿಯನ್ನು ಅವರ ಕೈಯಿಂದ ತೆಗೆದುಕೊಂಡರು.

“ಆರು ವರ್ಷದಿಂದ ಬ್ರೈಲ್ ಪ್ರೆಸ್ ನಡೆಸ್ತಿದ್ದೀರಿ ಸಾರ್,” ಎಂದರು ದೊಡ್ಡಮ್ಮ. “ಇಲ್ಲಿ ಓದೋಕೆ ಬರದವರು ನೀವೊಬ್ಬರೇ. ಇವತ್ತು ಬೆಳಿಗ್ಗೆ ಈ ಪಟ್ಟಿ ತಲೆಕೆಳಗಾಗಿತ್ತು.”

ಆಮೇಲೆ ಒಂದೊಂದೇ ಎಳೆ ಬಿಡಿಸಿದರು. ಕಂಪ್ಯೂಟರು ಶುರುವಾಗುವಾಗ ದಲ್ಲಾಳಿ ಪ್ರೋಗ್ರಾಮನ್ನು ಮೊದಲು ಎಬ್ಬಿಸಬೇಕೆಂಬ ನೆನಪನ್ನು ಈ ಹಳೆಯ ಯಂತ್ರದಲ್ಲಿ ಕಾಯುವುದು ಆ ಬಿಲ್ಲೆ. ಅದನ್ನು ತೆಗೆದರೆ ನೆನಪೂ ಹೋಗುತ್ತದೆ, ಗಡಿಯಾರವೂ ಹುಟ್ಟಿದ ದಿನಕ್ಕೆ ಮರಳುತ್ತದೆ. ಭರ್ತಿ ಬ್ಯಾಟರಿ ತಾನಾಗಿ ಮರೆಯುವುದಿಲ್ಲ. ಅಂದರೆ ಯಾರೋ ತೆಗೆದು ಮತ್ತೆ ಹಾಕಿದ್ದಾರೆ. ಪಟ್ಟಿ ಓದಬಲ್ಲವರಾಗಿದ್ದರೆ ಅದನ್ನು ನೆಟ್ಟಗೆ ಅಂಟಿಸಿ ದಕ್ಕಿಸಿಕೊಳ್ಳುತ್ತಿದ್ದರು.

ಮ್ಯಾನೇಜರು ನೆಲ ನೋಡಿದರು. ವಾರದಲ್ಲಿ ಸಾಯುತ್ತದೆಂದು ಬರೆದುಕೊಟ್ಟ ಮಾತು ಸುಳ್ಳಾಗುವುದನ್ನು ನೋಡಲಾಗಲಿಲ್ಲ ಎಂದು ಒಪ್ಪಿಕೊಂಡರು. ಆಗಲೂ ಬಿಗುಮಾನ ಬಿಡದೆ, “ಆದರೂ ಈ ಯಂತ್ರದ ಕೈಲಿ ಆಗಲ್ಲ ಅಂತ ಕಂಪನಿಯವರೇ ಹೇಳಿದಾರೆ,” ಎಂದರು.

“ನನ್ನ ಕೈಲಿ ಓದೋಕಾಗಲ್ಲ ಅಂತ ಶಾಲೆಯವರೂ ಹೇಳಿದ್ರು,” ಎಂದರು ದೊಡ್ಡಮ್ಮ.

ಅಧ್ಯಕ್ಷೆ ಮ್ಯಾನೇಜರ ಮುಂದೆ ಅಂಗೈ ಚಾಚಿದರು. ಬೀಗದ ಕೈ ಅದರೊಳಗೆ ಬಿತ್ತು. ಅಷ್ಟರಲ್ಲಿ ರಿಪೇರಿಯವಳು ದಲ್ಲಾಳಿಯ ನೆನಪು ಮರಳಿಸಿದ್ದಳು. ಪರದೆ ಬೆಳಗಿತು, ಚುಕ್ಕಿಯಂತ್ರ ಕಟಕಟನೆ ಹಲ್ಲು ಕಡಿಯಿತು. ದೊಡ್ಡಮ್ಮ ಮೊದಲ ಹಾಳೆಯನ್ನು ಎಲ್ಲರಿಗಿಂತ ಮುಂಚೆ ಎಳೆದುಕೊಂಡು ಬೆರಳಾಡಿಸಿದರು.

“ಮೂರನೇ ಸಾಲಲ್ಲಿ ತಪ್ಪಿದೆ ಕಣೇ. ತಿದ್ದಿ ಇನ್ನೊಂದು ತೆಗಿ.”