ಬಾರದ ಎಲೆಗಳು

ಗುರುವಾರ ಬೆಳಿಗ್ಗೆ ಎಂಟೂ ಮುಕ್ಕಾಲಿಗೆ ಇಂಚರಾ ಲ್ಯಾಬಿನ ಏಳನೇ ಕಂಪ್ಯೂಟರ್ ತೆರೆದಳು. ಎಂಟು ತಿಂಗಳ ಕೆಲಸ ಅದರಲ್ಲಿರಬೇಕಿತ್ತು. ಇರಲಿಲ್ಲ.

ಮತ್ತೊಮ್ಮೆ ಹುಡುಕಿದಳು. ಪ್ರೋಗ್ರಾಂ ಇಲ್ಲ. ಮರಗೆಣಸಿನ ಎಲೆಗಳ ನಾಲ್ಕು ಸಾವಿರ ಫೋಟೋಗಳಿಲ್ಲ. ನಕಲು ಇಟ್ಟಿದ್ದ ಡ್ರೈವ್‌ಗಾಗಿ ಅಲ್ಮೇರಾಕ್ಕೆ ಓಡಿದಳು. ಅದೂ ಇಲ್ಲ.

"ಎಲ್ಲವೂ ಹೋಯಿತಾ?" ಹಿಂದೆ ನಿಂತಿದ್ದ ಸಚಿನ್ ಇಂಗ್ಲಿಷಿನಲ್ಲಿ ಕೇಳಿದ. ಪ್ರಾಜೆಕ್ಟಿನಲ್ಲಿ ಇದ್ದವರು ಇಬ್ಬರೇ, ಅವಳು ಮತ್ತು ಅವನು.

ಕೊಚ್ಚಿ ಬಳಿಯ ತ್ರಿಪ್ಪುಣಿತ್ತುರದ ಮೆಟ್ರೋ ನಿಲ್ದಾಣದ ಹಿಂದಿನ ಬೀದಿಯಲ್ಲಿ ಮೂರು ಮಹಡಿಯ ಆ ಕಾಲೇಜು. ನೂರಿಪ್ಪತ್ತು ವಿದ್ಯಾರ್ಥಿಗಳು, ಒಂದೇ ವಿಷಯ ಕಂಪ್ಯೂಟರ್, ಒಂದೇ ಗುರಿ ಕೆಲಸ. ಕೆಲಸ ಸಿಕ್ಕಿದವರ ಫೋಟೋಗಳು ಮೆಟ್ಟಿಲಿನುದ್ದಕ್ಕೂ ತೂಗುತ್ತಿದ್ದವು. ಅಂದು ಹನ್ನೊಂದು ಗಂಟೆಗೆ ತಿರುವನಂತಪುರದ ಕಂಪನಿಯೊಂದು ಪ್ರಾಜೆಕ್ಟ್‌ಗಳನ್ನು ನೋಡಿ ಇಬ್ಬರನ್ನು ಆರಿಸುವುದಿತ್ತು. ಎಲೆಯ ಫೋಟೋ ನೋಡಿ ರೋಗ ಹೇಳುವ ಇಂಚರಾಳ ಪ್ರೋಗ್ರಾಂ ನೂರಕ್ಕೆ ತೊಂಬತ್ತೇಳು ಸರಿ ಹೇಳುತ್ತದೆಂದು ಕಾಲೇಜು ಕಂಪನಿಗೆ ಮೊದಲೇ ಬರೆದಿತ್ತು.

ಒಂಬತ್ತೂಕಾಲಿಗೆ ಪ್ರಿನ್ಸಿಪಾಲ್ ಸಂದೀಪ್ ಅವಳನ್ನು ಕರೆಸಿದರು. ಅವರ ಕೈಯಲ್ಲೊಂದು ಹಾಳೆಯಿತ್ತು.

"ಬುಧವಾರ ಸಂಜೆ ಐದು ಇಪ್ಪತ್ತೆರಡಕ್ಕೆ ಎಲ್ಲ ಅಳಿಸಿದ್ದಾರೆ. ಯಾರ ಹೆಸರಿನಲ್ಲಿ ಗೊತ್ತಾ? ನಿನ್ನ ಹೆಸರಿನಲ್ಲಿ."

"ಸರ್, ನಾನು ಆಗ ಕೆಳಗೆ ಚಹಾ ಕುಡಿಯುತ್ತಿದ್ದೆ. ಕಂಪ್ಯೂಟರ್ ತೆರೆದೇ ಬಿಟ್ಟು ಹೋಗಿದ್ದೆ."

"ಮಂಗಳವಾರ ಎಲ್ಲರ ಮುಂದೆ ಏನು ಕೂಗಿದೆ? 'ಹೀಗಾದರೆ ಇದನ್ನು ತೋರಿಸುವುದೇ ಬೇಡ' ಅಂತ. ಹೌದೋ ಅಲ್ಲವೋ?"

ಹೌದು. ಕಂಪನಿಯವರ ಮುಂದೆ ಯಾರು ಮಾತಾಡಬೇಕೆಂದು ಸಚಿನ್ ಜೊತೆ ಜಗಳವಾಗಿತ್ತು. ಇಂಚರಾ ತಲೆ ತಗ್ಗಿಸಿದಳು. ಹತ್ತೂವರೆಯೊಳಗೆ ಒಪ್ಪಿಕೊಳ್ಳದಿದ್ದರೆ ಅಮಾನತು, ಯಾವ ಕಂಪನಿಗೂ ಹೆಸರು ಕಳಿಸುವುದಿಲ್ಲ ಎಂದರು ಪ್ರಿನ್ಸಿಪಾಲ್. ಹೊರಗೆ ಬಂದು ಅವಳು ಚಿಕ್ಕಮ್ಮನಿಗೆ ಫೋನ್ ಮಾಡಿದಳು.

ಚಿಕ್ಕಮ್ಮ ವಸಂತಿ ಪುತ್ತೂರಿನವರು. ಅಂಚೆ ಇಲಾಖೆಯ ಇನ್ಸ್‌ಪೆಕ್ಟರ್. ಕೊಚ್ಚಿಗೆ ವರ್ಗವಾಗಿ ಐದು ವರ್ಷ. ತಲುಪದ ಪತ್ರ, ತಲುಪದ ಪಾರ್ಸೆಲ್‌ಗಳ ದೂರು ವಿಚಾರಿಸುವುದೇ ಅವರ ಕೆಲಸ. ಇಂಚರಾ ಅವರ ಮನೆಯಲ್ಲೇ ಇದ್ದು ಓದುತ್ತಿದ್ದಳು. ಕಚೇರಿಗೆ ಹೊರಟಿದ್ದವರು ಆಟೋ ತಿರುಗಿಸಿ ಬಂದರು.

"ಅಳಬೇಡ. ನಿನ್ನೆ ಸಂಜೆ ನೀನು ಇಳಿದು ಹೋಗುವಾಗ ಲ್ಯಾಬಿನಲ್ಲಿ ಯಾರೆಲ್ಲ ಇದ್ದರು?"

"ಮೂರೇ ಜನ ಚಿಕ್ಕಮ್ಮ. ಸಚಿನ್, ಪ್ರಥಮ್, ಮತ್ತೆ ಗ್ರೇಸಿ ಚೇಚಿ."

"ಅಲ್ಮೇರಾದ ಬೀಗದ ಕೈ?"

"ಚೇಚಿಯ ಮೇಜಿನ ಹತ್ತಿರ ಮೊಳೆಯಲ್ಲಿ ನೇತಾಡ್ತಾ ಇರ್ತದೆ. ಯಾರು ಬೇಕಾದರೂ ತೆಗೀಬಹುದು."

ಎಲ್ಲರೂ ಚೇಚಿ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದ ಲ್ಯಾಬ್ ನೋಡಿಕೊಳ್ಳುವ ಗ್ರೇಸಿಗೆ ಐವತ್ತರ ಆಸುಪಾಸು. ವಸಂತಿ ಮಲಯಾಳದಲ್ಲಿ ಮಾತಾಡಿಸಿದರೂ ಆಕೆಯ ಮುಖ ಸಡಿಲವಾಗಲಿಲ್ಲ.

"ಹೋದ ವಾರ ಈ ಹುಡುಗಿ ನನ್ನ ಮೇಲೆ ದೂರು ಕೊಟ್ಟಳು, ಲ್ಯಾಬ್ ತಡವಾಗಿ ತೆರೆಯುತ್ತೇನೆ ಅಂತ. ಹಾಗಂತ ನಾನು ಅಳಿಸಿದೆ ಅಂತೀರಾ?"

"ನಾನು ಏನೂ ಹೇಳಿಲ್ಲ ಚೇಚಿ. ಐದೂಕಾಲಿಗೆ ಎಲ್ಲಿದ್ದಿರಿ?"

"ಇಲ್ಲೇ. ಪ್ರಿಂಟರಿಗೆ ಕಾಗದ ತುಂಬುತ್ತಿದ್ದೆ. ಈ ಹುಡುಗರಿಗೆ ಬೆನ್ನು ಹಾಕಿ."

ಪ್ರಥಮ್ ಎದುರಾಳಿ ತಂಡದವನು. ಇಂಚರಾಳ ಪ್ರಾಜೆಕ್ಟ್ ಇಲ್ಲದಿದ್ದರೆ ಕಂಪನಿ ಮೊದಲು ನೋಡುವುದು ಅವನದನ್ನೇ. ಏನು ಕೇಳಿದರೂ ಅವನು ಗೋಡೆ ನೋಡಿ ಉತ್ತರಿಸಿದ.

"ಎಂಟನೇ ಕಂಪ್ಯೂಟರಿನಲ್ಲಿದ್ದೆ. ಕಿವಿಗೆ ಹೆಡ್‌ಫೋನ್ ಹಾಕಿದ್ದೆ."

"ಪಕ್ಕದ ಕುರ್ಚಿಯಲ್ಲಿ ಯಾರಾದರೂ ಬಂದು ಕೂತರಾ?"

"ನೋಡಲಿಲ್ಲ."

"ನೋಡಲಿಲ್ಲವೋ, ಹೇಳುವುದಿಲ್ಲವೋ?"

ಪ್ರಥಮ್ ಮತ್ತೆ ಹೆಡ್‌ಫೋನ್ ಕಿವಿಗೇರಿಸಿದ. ಇಂಚರಾಳಿಗೆ ಅವನ ಮೇಲೆಯೇ ಸಂಶಯ ಬಲವಾಯಿತು.

ಸಚಿನ್ ಮಾತ್ರ ಶಾಂತವಾಗಿದ್ದ. ಹುಬ್ಬಳ್ಳಿಯಿಂದ ಬಂದ ಬ್ಯಾಂಕ್ ಅಧಿಕಾರಿಯ ಮಗ, ಬೆಳೆದದ್ದೆಲ್ಲ ಕೊಚ್ಚಿಯಲ್ಲಿ. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದ.

"ಆಂಟಿ, ಇಂಚರಾ ಹೀಗೆ ಮಾಡುವವಳಲ್ಲ. ನಾನೇ ಸರ್‌ಗೆ ಹೇಳಿದ್ದೇನೆ. ಜಗಳವಾಡಿದ್ದು ನಿಜ. ಆದರೆ ಅವಳು ಅಳಿಸಿಲ್ಲ."

"ನೀನು ಇವತ್ತು ಎಷ್ಟು ಹೊತ್ತಿಗೆ ಬಂದೆ?"

"ಎಂಟೂವರೆಗೆ. ಅವಳು ಕಂಪ್ಯೂಟರ್ ತೆರೆಯುವಾಗ ಜೊತೆಗೇ ಇದ್ದೆ. ಆಮೇಲೆ ಎಲ್ಲಿಗೂ ಹೋಗಿಲ್ಲ."

ವಸಂತಿ ಗಡಿಯಾರ ನೋಡಿದರು. ಹತ್ತಕ್ಕೆ ಐದು ನಿಮಿಷ. ಒಂದು ಕ್ಷಣ ಏನನ್ನೋ ನೆನಪಿಸಿಕೊಂಡವರಂತೆ ನಿಂತರು. ಆಮೇಲೆ ಇಂಚರಾಳನ್ನು ಕಾರಿಡಾರಿಗೆ ಕರೆದರು.

"ಮರಗೆಣಸಿನ ಫೋಟೋ ತೆಗೆಯಲಿಕ್ಕೆ ಬಿಟ್ಟ ಶ್ರೀಕಾರ್ಯಂನ ವಿಜ್ಞಾನಿಯ ನಂಬರ್ ಉಂಟಾ ನಿನ್ನಲ್ಲಿ?"

"ಶ್ರೀಪತಿ ಸರ್‌ದ್ದಾ? ಉಂಟು. ಯಾಕೆ?"

"ಕೊಡು. ನೀನು ಇಲ್ಲೇ ಇರು."

ಅವರು ಮೆಟ್ಟಿಲಿಳಿದು ಅಂಗಳದ ಮೂಲೆಗೆ ಹೋದರು. ಮೇಲಿನಿಂದ ಇಂಚರಾಳಿಗೆ ಕಂಡದ್ದು ಅವರ ಬೆನ್ನು ಮಾತ್ರ. ತನಗೆ ಕೇಳಬಾರದ ಮಾತು ಏನಿದ್ದೀತು?

ಹತ್ತೂ ಇಪ್ಪತ್ತಕ್ಕೆ ಎಲ್ಲರೂ ಪ್ರಿನ್ಸಿಪಾಲರ ಕೋಣೆಯಲ್ಲಿ ಸೇರಿದರು.

"ನಾನು ಕಂಪ್ಯೂಟರ್ ಬಲ್ಲವಳಲ್ಲ," ವಸಂತಿ ಹೇಳಿದರು. "ನಿಮಗೆಲ್ಲ ಒಂದೇ ಪ್ರಶ್ನೆ. ಪ್ರಾಜೆಕ್ಟ್ ಅಳಿಸಿಹೋಗಿದೆ ಅಂತ ನಿಮಗೆ ಮೊದಲು ಗೊತ್ತಾದದ್ದು ಯಾವಾಗ?"

"ಇಂದು ಬೆಳಿಗ್ಗೆ," ಎಂದಳು ಗ್ರೇಸಿ. "ಈ ಹುಡುಗಿ ಅಲ್ಮೇರಾಕ್ಕೆ ಓಡಿ ಬಂದಾಗ."

"ಬೆಳಿಗ್ಗೆ, ಒಂಬತ್ತಕ್ಕೆ," ಎಂದ ಪ್ರಥಮ್.

"ಬೆಳಿಗ್ಗೆ. ಇಂಚರಾ ಜೊತೆಗೇ," ಎಂದ ಸಚಿನ್.

"ಹಾಗಾದರೆ ಸಚಿನ್, ನಿನ್ನೆ ಸಂಜೆ ಆರು ಗಂಟೆಗೆ ಶ್ರೀಪತಿಯವರಿಗೆ 'ನಾಳೆ ಎಲೆ ಕಳಿಸುವುದು ಬೇಡ, ಕಾರ್ಯಕ್ರಮ ನಿಂತಿದೆ' ಅಂತ ಯಾಕೆ ಸಂದೇಶ ಕಳಿಸಿದೆ?"

ಸಚಿನ್ ತನ್ನ ಬ್ಯಾಗನ್ನು ಹತ್ತಿರಕ್ಕೆ ಎಳೆದುಕೊಂಡ.

"ಯಾವ ಎಲೆ?" ಪ್ರಿನ್ಸಿಪಾಲ್ ಕೇಳಿದರು.

"ಮರಗೆಣಸಿನ ಹಸಿ ಎಲೆಗಳು. ಕಂಪನಿಯವರ ಮುಂದೆ ಪರೀಕ್ಷೆಗೆ ಇಡಲಿಕ್ಕೆ ತಿರುವನಂತಪುರದ ಶ್ರೀಕಾರ್ಯಂನ ಸಂಶೋಧನಾ ಸಂಸ್ಥೆಯಿಂದ ಬೆಳಗಿನ ರೈಲಿನಲ್ಲಿ ಬರಬೇಕಿತ್ತು. ಒಂಬತ್ತು ಗಂಟೆಗೆ ಸ್ಟೇಷನ್ನಿನಲ್ಲಿ ಇಳಿಸಿಕೊಳ್ಳುವ ಕೆಲಸ ಸಚಿನ್‌ದು. ನಿನ್ನೆ ಬೆಳಿಗ್ಗೆ ತಿಂಡಿ ತಿನ್ನುವಾಗ ಇಂಚರಾ ನನಗೆ ಹೇಳಿದ್ದಳು. ಗಾಬರಿಯಲ್ಲಿ ಅವಳೇ ಮರೆತಳು. ನೀವೆಲ್ಲ ಏನು ಹೋಯಿತು ಅಂತ ಹುಡುಕುತ್ತಾ ಇದ್ದಿರಿ. ನನ್ನ ಕೆಲಸದಲ್ಲಿ ನಾನು ಕೇಳುವುದು, ಏನು ಬರಬೇಕಿತ್ತು, ಯಾಕೆ ಬರಲಿಲ್ಲ ಅಂತ. ಒಂಬತ್ತಕ್ಕೆ ಸ್ಟೇಷನ್ನಿನಲ್ಲಿ ಇರಬೇಕಾದವನು ಎಂಟೂವರೆಯಿಂದ ಇಲ್ಲೇ ಹೇಗಿದ್ದ? ಎಲೆ ಬರುವುದಿಲ್ಲ ಅಂತ ಅವನಿಗೆ ಗೊತ್ತಿತ್ತು."

"ಆದರೆ ಅದು ಅವನದೇ ಪ್ರಾಜೆಕ್ಟ್," ಎಂದರು ಪ್ರಿನ್ಸಿಪಾಲ್. "ಅವನು ಯಾಕೆ ಅಳಿಸುತ್ತಾನೆ?"

"ಅದನ್ನೂ ಕೇಳಿದೆ. ಜನವರಿಯವರೆಗೆ ಶನಿವಾರ ಶನಿವಾರ ಶ್ರೀಕಾರ್ಯಂಗೆ ಹೋಗಿ ಫೋಟೋ ತೆಗೆದದ್ದು ಇಂಚರಾ. ಆಮೇಲಿನ ಹತ್ತು ಶನಿವಾರ ಸಚಿನ್ ಹೋದದ್ದು ಅಂತ ಲೆಕ್ಕ. ಸಂಸ್ಥೆಯ ಗೇಟಿನ ಪುಸ್ತಕದಲ್ಲಿ ಅವನ ಸಹಿ ಒಂದೂ ಇಲ್ಲ. ಶ್ರೀಪತಿಯವರು ಅವನ ಮುಖವನ್ನೇ ಕಂಡಿಲ್ಲ. ಹಾಗಿದ್ದರೆ ಆ ಎರಡು ಸಾವಿರ ಹೊಸ ಫೋಟೋ ಎಲ್ಲಿಂದ ಬಂದವು?"

ಇಂಚರಾ ನಿಧಾನವಾಗಿ ಸಚಿನ್ ಕಡೆ ತಿರುಗಿದಳು. "ನನ್ನ ಹಳೇ ಫೋಟೋಗಳಾ?"

ಅವನ ಕೈ ಬ್ಯಾಗಿನ ಜಿಪ್ಪಿನ ಮೇಲೆ ಬಂತು.

"ಜನವರಿಯಲ್ಲಿ ನೂರಕ್ಕೆ ಅರವತ್ತೊಂದು ಬರ್ತಾ ಇತ್ತು," ಎಂದಳು ಅವಳು. "ನಿನ್ನ ಫೋಟೋ ಸೇರಿದ ಮೇಲೆ ತೊಂಬತ್ತೇಳು. ನಾನು ಖುಷಿಪಟ್ಟೆ. ಎಲ್ಲ ಅವೇ ಎಲೆಗಳು. ತಿರುಗಿಸಿ, ಬೆಳಕು ಹೆಚ್ಚಿಸಿ ಹಾಕಿದ್ದೀ. ಕಲಿಸಿದ ಪ್ರಶ್ನೆಯನ್ನೇ ಪರೀಕ್ಷೆಯಲ್ಲಿ ಕೇಳಿದ ಹಾಗೆ."

"ಹಸಿ ಎಲೆ ಇಟ್ಟಿದ್ದರೆ ಹತ್ತು ನಿಮಿಷದಲ್ಲಿ ಬಯಲಾಗ್ತಿತ್ತು," ಎಂದರು ವಸಂತಿ. "ಫೋಟೋಗಳನ್ನು ಕೂಡ ನೋಡಬೇಕು ಅಂತ ಕಂಪನಿ ಸೋಮವಾರ ಬರೆದಿತ್ತಂತೆ. ಎಲೆಯೂ ಬರಬಾರದು, ಫೋಟೋವೂ ಉಳಿಯಬಾರದು. ಮಂಗಳವಾರದ ಜಗಳ ಅವನಿಗೆ ಅನುಕೂಲವಾಯಿತು."

ಸಚಿನ್ ಬ್ಯಾಗ್ ತೆರೆದು ಕಳೆದುಹೋಗಿದ್ದ ಡ್ರೈವನ್ನು ಮೇಜಿನ ಮೇಲಿಟ್ಟ. ಮೊದಲ ಬಾರಿಗೆ ಕನ್ನಡದಲ್ಲಿ ಮಾತಾಡಿದ.

"ಆ ಶನಿವಾರಗಳಂದು ಬ್ಯಾರೆ ಕಂಪನಿಗಳಿಗೆ ಇಂಟರ್‌ವ್ಯೂಕ್ಕ ಹೋಗಿದ್ದೆ. ಏಳು ಕಡೆ. ಒಂದರಾಗೂ ಆಗಲಿಲ್ಲ. ಮನ್ಯಾಗ ಯಾರಿಗೂ ಹೇಳಿಲ್ಲ."

"ನನ್ನ ಹೆಸರು ಹಾಳಾಗ್ತದೆ ಅಂತ ಗೊತ್ತಿರಲಿಲ್ಲವಾ?" ಇಂಚರಾ ಕೇಳಿದಳು.

"ಗೊತ್ತಿತ್ತು. ಅದಕ್ಕಽ ನೀ ಮಾಡಿಲ್ಲ ಅಂತ ಸರ್‌ಗೆ ಹೇಳಿದೆ."

"ಅಷ್ಟು ಸಾಕು ಅಂತ ಅನ್ನಿಸಿತಾ?"

ಪ್ರಥಮ್ ಆಗ ಬಾಯಿ ಬಿಟ್ಟ. ಸಚಿನ್ ಆ ಕುರ್ಚಿಯಲ್ಲಿ ಕೂತದ್ದನ್ನು ಕಂಡಿದ್ದನಂತೆ. ಎದುರಾಳಿಯ ಮಾತನ್ನು ಯಾರು ನಂಬುತ್ತಾರೆಂದು ಸುಮ್ಮನಿದ್ದನಂತೆ.

ಪ್ರಿನ್ಸಿಪಾಲ್ ಗಂಟಲು ಸರಿಮಾಡಿಕೊಂಡರು. "ಕಂಪ್ಯೂಟರ್ ಕೆಟ್ಟಿತು ಅಂತ ಹೇಳಿಬಿಡೋಣ. ಕಾಲೇಜಿನ ಮರ್ಯಾದೆ—"

"ಬೇಡ ಸರ್," ಎಂದಳು ಇಂಚರಾ. "ನನ್ನ ಲ್ಯಾಪ್‌ಟಾಪಿನಲ್ಲಿ ಜನವರಿಯ ಪ್ರತಿ ಇದೆ. ಅರವತ್ತೊಂದು ಅಂತಲೇ ಹೇಳಿ ತೋರಿಸುತ್ತೇನೆ. ತೊಂಬತ್ತೇಳು ಯಾಕೆ ಬಂತು ಅಂತಲೂ ಹೇಳುತ್ತೇನೆ."

ಹಾಗೆಯೇ ಮಾಡಿದಳು. ಕಂಪನಿಯಿಂದ ಬಂದಿದ್ದ ನಿಖಿತಾ ಎಂಬಾಕೆ ನೂರರಲ್ಲಿ ತಪ್ಪು ಹೇಳಿದ ಮೂವತ್ತೊಂಬತ್ತು ಎಲೆಗಳ ಬಗ್ಗೆಯೇ ಮುಕ್ಕಾಲು ಗಂಟೆ ಪ್ರಶ್ನೆ ಕೇಳಿದಳು. ಅಂದು ಆಯ್ಕೆಯಾದದ್ದು ಪ್ರಥಮ್ ತಂಡ. ಇಂಚರಾಳಿಗೆ ಜೂನ್‌ನಲ್ಲಿ ಹೊಸ ಎಲೆಗಳೊಂದಿಗೆ ಮತ್ತೆ ಬರಲು ಹೇಳಿದರು. ಸಚಿನ್ ಒಂದು ಸೆಮಿಸ್ಟರ್ ಕಳೆದುಕೊಂಡ.

ಸಂಜೆ ಆಟೋದಲ್ಲಿ ಮನೆಗೆ ಹೋಗುವಾಗ ಇಂಚರಾ ಕೇಳಿದಳು:

"ಚಿಕ್ಕಮ್ಮ, ಫೋನ್ ಮಾಡಲಿಕ್ಕೆ ನನ್ನನ್ನು ಬಿಟ್ಟು ಅಂಗಳಕ್ಕೆ ಯಾಕೆ ಹೋದದ್ದು?"

ವಸಂತಿ ರಸ್ತೆ ನೋಡುತ್ತಿದ್ದರು.

"ಎಲೆ ಬೇಡ ಅಂದವರು ಯಾರು ಅಂತ ಶ್ರೀಪತಿಯವರನ್ನು ಕೇಳಬೇಕಿತ್ತು. ಅವರು ನಿನ್ನ ಹೆಸರು ಹೇಳಿದರೆ ಎಂತ ಮಾಡುವುದು ಅಂತ ನನಗೆ ಗೊತ್ತಿರಲಿಲ್ಲ."

"ನನ್ನ ಮೇಲೂ ಸಂಶಯ ಇತ್ತಾ?"

"ಇತ್ತು."

ಮನೆಯ ಗೇಟಿನ ಮುಂದೆ ಆಟೋ ನಿಂತಾಗ ಇಂಚರಾ ಹೇಳಿದಳು:

"ಸುಳ್ಳು ಹೇಳಬಹುದಿತ್ತು ನೀವು."

"ಬೆಳಿಗ್ಗೆಯಿಂದ ನಿನಗೆ ಸುಳ್ಳು ಹೇಳಿದವರು ಸಾಕು," ಎಂದು ವಸಂತಿ ಕೆಳಗಿಳಿದರು.