ಬಾವಿಯಾಚೆಯ ಕೆಂಪು ಗೆರೆ

ಮೀರಾಸಾಬನ ತಲೆ ಮೇಜಿನ ಮೇಲಿತ್ತು. ನಿದ್ದೆ ಹೋಗಿದ್ದಾನೆ ಅಂದುಕೊಂಡೆ. ಎರಡು ಹೆಜ್ಜೆ ಒಳಗಿಟ್ಟಾಗ ಚಪ್ಪಲಿ ನೆಲಕ್ಕೆ ಅಂಟಿತು.

ರಕ್ತ.

ತಲೆಬುರುಡೆ ಹಿಂಬದಿಯಲ್ಲಿ ಒಡೆದಿತ್ತು. ಗೆರೆ ಎಳೆಯುವ ಮೂರಡಿ ಉದ್ದದ ಕಬ್ಬಿಣದ ಪಟ್ಟಿ ಕೂದಲು ಅಂಟಿಸಿಕೊಂಡು ಕೆಳಗೆ ಬಿದ್ದಿತ್ತು. ಅವನ ಬಲಮುಷ್ಟಿಯಲ್ಲಿ ಶಾಯಿ ಕೆರೆಯುವ ಸಣ್ಣ ಚಾಕು. ಅದರ ಅಲಗಿನ ಮೇಲೂ ರಕ್ತ.

೧೯೬೧ರ ಜನವರಿ, ಬುಧವಾರ ಬೆಳಿಗ್ಗೆ. ಇಂಡಿಗೂ ಸಿಂದಗಿಗೂ ನಡುವೆ ಇರುವ ನಮ್ಮ ಊರಿಗೆ ಪುರಸಭೆಯ ಚುನಾವಣೆ ಬಂದಿತ್ತು. ಹೆಣ್ಣುಮಕ್ಕಳ ಸಾಲೆಯ ಶಿಕ್ಷಕಿಯಾದ ನನಗೆ ಮತದಾರರ ಯಾದಿಯ ಕೆಲಸ ಹಚ್ಚಿದ್ದರು. ಯಾವ ಮನೆ ಯಾವ ವಾರ್ಡಿಗೆ ಸೇರುತ್ತದೆ ಎಂದು ನೋಡಲು ಮೂಲ ನಕಾಶೆ ಬೇಕು. ಅದನ್ನು ಬರೆದವನು, ಪುರಸಭೆಯ ಕಚೇರಿಯಲ್ಲಿ ಕಾಯ್ದವನು ಮೀರಾಸಾಬ.

ಹಿಂದಿನ ದಿನವಷ್ಟೇ ಅವನು ಅದನ್ನು ನನ್ನ ಮುಂದೆ ಬಿಚ್ಚಿದ್ದ. ನೀಲಿ ಛಾಯೆಯ, ಗಾಜಿನಷ್ಟು ನುಣುಪಾದ ಟ್ರೇಸಿಂಗ್ ಬಟ್ಟೆ.

"ಐವತ್ತೆಂಟರಾಗ ಗಡಿ ಬದಲಾತ್ರಿ ಅಕ್ಕಾರ. ಹಳೇ ಗೆರಿ ಚಾಕುಲೆ ಕೆರದು, ಅದರ ಬಾಜೂಕ ಮತ್ತಷ್ಟು ಕೆರದು, ಕೆಂಪ ಶಾಯಿಲೆ ಹೊಸಾದು ಬರದೇನಿ. ಪಿಂಜಾರ ಓಣಿ ಈಗ ನಾಕನೇ ವಾರ್ಡ್."

ಕೆಂಪು ಗೆರೆ ಓಣಿಯ ಬಾವಿಯನ್ನು ಕುಡುಗೋಲಿನಂತೆ ಬಳಸಿ ಆಚೆ ಹೋಗಿತ್ತು. ನಾನು ನೀರಿನ ಲೋಟ ಎತ್ತಿದ್ದೇ ತಡ, ಮುದುಕ ಚೀರಿದ್ದ: "ದೂರ ಇಡ್ರಿ! ನೀರ ಬಿದ್ದರ ಇದು ಸತ್ತಹೋಗ್ತೈತಿ!"

ಈಗ ಸತ್ತವನು ಅವನು. ನಕಾಶೆ ಇಡುವ ಕಪಾಟು ಬರಿದು.

ನನ್ನ ಕೂಗಿಗೆ ಮೊದಲು ಓಡಿಬಂದವನು ಪುರಸಭೆಯ ಸಿಪಾಯಿ ಸೋಮನಿಂಗ. "ಕಾಕಾ! ಕಾಕಾ!" ಎನ್ನುತ್ತ ಒಡೆದ ತಲೆಯನ್ನು ತನ್ನ ಎದೆಗೆ ಒತ್ತಿಕೊಂಡ. ಅಂಗಿಯೆಲ್ಲ ಕೆಂಪಾಯಿತು. ಅವನ ಹಿಂದೆ ಓವರ್ಸಿಯರ್ ವಾಸುದೇವರಾಯರು ಬಂದರು. ಸಣ್ಣವರಿದ್ದಾಗ ಮೀರಾಸಾಬನ ಕೈಕೆಳಗೇ ನಕಾಶೆ ಕಲಿತವರು.

ಪೊಲೀಸ್ ಫೌಜದಾರರು ಬಂದವರೇ ಸೋಮನಿಂಗನ ಅಂಗಿ ನೋಡಿದರು.

"ಹೋದ ವಾರ ಈ ಮುದುಕ ನಿನ್ನ ಕಪಾಳಕ್ಕ ಹೊಡದಿದ್ದನಲ್ಲೋ?"

"ನಕಾಶಿ ಮ್ಯಾಲ ನೀರ ಚೆಲ್ಲಿದ್ದೆರಿ. ಅದಕ್ಕ—"

"ಅದಕ್ಕ ಕೊಂದಿ!"

ಮೊದಲ ಏಟು ಅಲ್ಲಿಯೇ ಬಿತ್ತು. ಸೋಮನಿಂಗನ ಹಲ್ಲೊಂದು ಮೀರಾಸಾಬನ ರಕ್ತದಲ್ಲಿ ಬಿದ್ದು ಉರುಳಿತು.

"ನಿಮ್ಮ ಕೈಗೇನಾತು ರಾಯರ?" ಫೌಜದಾರರು ಕೇಳಿದರು.

"ಸೈಕಲ್ ಚೈನಿಗೆ ಸಿಕ್ಕತ್ರಿ, ನಿನ್ನೆ ಸಂಜಿಮುಂದ."

ಅಂಗೈಗೆ ಮೆತ್ತನೆಯ ಬಿಳಿ ಪಟ್ಟಿ. ಅದರ ಮೇಲೆ ಕೆಂಪು ಒಸರಿದ್ದು ಕಂಡು ನಾನು ಮುಖ ತಿರುಗಿಸಿದೆ. ಆ ಕೋಣೆಯಲ್ಲಿ ಇನ್ನಷ್ಟು ರಕ್ತ ನೋಡುವ ಶಕ್ತಿ ನನಗಿರಲಿಲ್ಲ.

ಎರಡು ದಿನ ಪೊಲೀಸರು ಮನೆ ಮನೆ ಜಾಲಾಡಿದರು. ಸೋಮನಿಂಗನ ಗುಡಿಸಲಿನ ನೆಲ ಅಗೆದರು. ಚುನಾವಣೆಗೆ ನಿಂತಿದ್ದ ಪಿಂಜಾರ ಓಣಿಯ ದಾವಲಮಲಿಕನ ಗಾದಿಗಳನ್ನು ಸೀಳಿ ಅರಳೆ ಬೀದಿಗೆ ಚೆಲ್ಲಿದರು. ರಾಯರ ಮನೆಯ ಕಪಾಟುಗಳನ್ನೂ ನೋಡಿದರು. ನಕಾಶೆ ಸಿಗಲಿಲ್ಲ.

ಶುಕ್ರವಾರ ಮಧ್ಯಾಹ್ನ ಕಚೇರಿಗೆ ನನ್ನನ್ನು ಕರೆಸಿದರು. ಫೌಜದಾರರೂ ಇದ್ದರು. ರಾಯರು ಕಾಗದದ ಒಂದು ಪ್ರತಿ ಹರಡಿದರು.

"ಪುಣ್ಯಾಕ್ಕ ಮೀರಾಸಾಬ ಬರದ ಪ್ರತಿ ನನ್ನ ಕಡೆ ಉಳದೈತಿ. ಇದರ ಪ್ರಕಾರ ಯಾದಿ ಮಾಡ್ರಿ ಅಕ್ಕಾರ."

ನೋಡಿದೆ. ಕೆಂಪು ಗೆರೆ ಬಾವಿಯ ಈಚೆಗಿತ್ತು. ಪಿಂಜಾರ ಓಣಿ ನಾಲ್ಕನೇ ವಾರ್ಡಿನಿಂದ ಹೊರಗೆ!

"ಅಂದಂಗ, ನೀವು ಮೂಲ ನಕಾಶಿ ನೋಡಿದ್ರೇನು?" ರಾಯರ ದನಿ ಮೆತ್ತಗಿತ್ತು. ಪಟ್ಟಿ ಕಟ್ಟಿದ ಕೈ ನನ್ನ ಕೈಗೆ ಗೇಣು ದೂರದಲ್ಲಿತ್ತು.

ಆ ನಕಾಶೆ ಬಲ್ಲವನ ತಲೆ ಏನಾಯಿತೆಂದು ಕಂಡಿದ್ದೆ.

"ಇಲ್ರಿ," ಅಂದೆ.

ಶನಿವಾರ ಬೆಳಿಗ್ಗೆ ಸೋಮನಿಂಗನ ಹೆಂಡತಿ ಗುಂಡವ್ವ ನನ್ನ ಬಾಗಿಲಿಗೆ ಬಂದಳು. ಜೊತೆಗೆ ದವಾಖಾನೆಯ ನರ್ಸ್ ಜೋಹರಾಬಿ. ಊರಿನ ಅರ್ಧ ಕೂಸುಗಳನ್ನು ಹೆರಿಗೆಯಲ್ಲಿ ಹಿಡಿದವಳು, ಯಾರಿಗೂ ಅಂಜುವವಳಲ್ಲ.

"ನಿನ್ನೆ ಸಂಜಿಗೆ ಠಾಣ್ಯಾಗ ಸೋಮನಿಂಗನ ಎರಡ ಬೆರಳ ಮುರದಾರ," ಜೋಹರಾಬಿ ಹೇಳಿದಳು. "ನಾಳೆ ತಪ್ಪ ಒಪ್ಪಿಸ್ತಾರ. ಒಪ್ಪಿದ್ರ ಗಲ್ಲು. ತುಳಸಕ್ಕ, ಮೊದಲ ಒಳಗ ಹೋದಾಕಿ ನೀನು. ಏನ ನೋಡಿದಿ, ಹೇಳು."

ಗುಂಡವ್ವ ಅಳುತ್ತಿರಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಎಲ್ಲ ಹೇಳಿದೆ. ಬಾವಿ, ಗೆರೆ, ನನ್ನ ಸುಳ್ಳು.

"ಚಾಕೂಗೆ ರಕ್ತ ಇತ್ತಲ್ಲ, ಅದು ಯಾರದು?" ಜೋಹರಾಬಿ ಕೇಳಿದಳು.

"ಫೌಜದಾರ್ರು ಮೀರಾಸಾಬಂದೇ ಅಂತಾರ."

"ದವಾಖಾನ್ಯಾಗ ಹೆಣ ತಪಾಸ ಮಾಡುವಾಗ ನಾನೂ ಇದ್ದೆ. ಅಂವನ ಮೈಮ್ಯಾಲ ಚಾಕುವಿನ ಗಾಯ ಒಂದೂ ಇರಲಿಲ್ಲ. ಕೈಗೆ ಗಾಯ ಆದವರು ಯಾರದಾರ?"

"ರಾಯರು... ಸೈಕಲ್ ಚೈನು..."

"ದವಾಖಾನಿಗೆ ಬರಲೇ ಇಲ್ಲ ಅಂವ! ಪಟ್ಟಿ ಹೆಂಗೈತಿ?"

"ಬಿಳೇದು. ಭಾಳ ನಯ. ರಕ್ತ ಒಸರೇತಿ. ನಿನ್ನೇನೂ ಹಂಗ ಕೆಂಪಗಿತ್ತು."

ಜೋಹರಾಬಿ ಒಂದೊಂದೇ ಮಾತು ತೂಗಿ ಕೇಳಿದಳು:

"ಬುಧವಾರದ ರಕ್ತ ಶುಕ್ರವಾರಾನೂ ಕೆಂಪ? ಪಟ್ಟಿ ಮ್ಯಾಲಿನ ಕಲೆ ಎಂಥದಿತ್ತು— ದುಂಡಗೋ, ಉದ್ದಕೋ?"

ಕಣ್ಣು ಮುಚ್ಚಿದೆ. ನೋಡಬಾರದೆಂದು ಮುಖ ತಿರುಗಿಸಿದ್ದೆ. ಆದರೂ ಕಣ್ಣು ನೋಡಿತ್ತು.

"ಗೆರಿ ಇದ್ದಂಗ," ಅಂದೆ.

ಅವಳು ಆಗಲೇ ಎದ್ದು ನಿಂತಿದ್ದಳು.

ಕಚೇರಿಗೆ ಹೋದಾಗ ಫೌಜದಾರರು ರಾಯರೊಡನೆ ಚಹಾ ಕುಡಿಯುತ್ತಿದ್ದರು. ಜೋಹರಾಬಿ ಔಷಧದ ಪೆಟ್ಟಿಗೆ ಮೇಜಿನ ಮೇಲಿಟ್ಟಳು.

"ರಾಯರ, ಕೈ ತರ್ರಿ. ಹೊಸಾ ಪಟ್ಟಿ ಕಟ್ಟತೇನಿ."

"ಬ್ಯಾಡ."

"ಕಬ್ಬಿಣದ ಗಾಯ. ಧನುರ್ವಾಯು ಆದೀತು."

"ಬ್ಯಾಡ ಅಂದೆನಲ್ಲ!"

"ಕೂಸಿನಗತೆ ಯಾಕ ಹಟಾ ಮಾಡ್ತೀರಿ ರಾಯರ?" ಫೌಜದಾರರು ನಕ್ಕರು.

ಜೋಹರಾಬಿ ರಾಯರ ಮಣಿಕಟ್ಟು ಹಿಡಿದಳು. ಮರುಕ್ಷಣ ರಾಯರು ಅವಳ ಕುತ್ತಿಗೆ ಹಿಡಿದು ಗೋಡೆಗೆ ಅಪ್ಪಳಿಸಿದರು. ಅವಳ ಹಣೆ ಒಡೆಯಿತು. ಆದರೂ ಪಟ್ಟಿಯ ತುದಿ ಬಿಡಲಿಲ್ಲ. ಅವರು ಇನ್ನೊಂದು ಕೈಯಿಂದ ಮೇಜಿನ ಮೇಲಿನ ಕತ್ತರಿ ಎತ್ತಿದರು. ನಾನು ಬಿಸಿ ಚಹಾದ ಕಿಟ್ಲಿಯನ್ನು ಅವರ ಮುಖಕ್ಕೆ ಎಸೆದೆ. ಚೀರಾಟ. ಫೌಜದಾರರು ರಾಯರ ಮೇಲೆ ಬಿದ್ದರು. ಪಟ್ಟಿ ಸರಸರನೆ ಬಿಚ್ಚಿ ನೆಲಕ್ಕೆ ಬಿತ್ತು.

ಅಂಗೈಯಲ್ಲಿ ಅಡ್ಡ ಸೀಳು. ಸಣ್ಣ, ಆಳ, ನೇರ.

"ಸೈಕಲ್ ಚೈನು ಹಿಂಗ ಕೊಯ್ಯೂದಿಲ್ಲ ಸಾಹೇಬ್ರ," ಜೋಹರಾಬಿ ಸೆರಗಿನಿಂದ ಹಣೆ ಒತ್ತಿಕೊಂಡಳು. "ಮೊದಲ ಏಟು ತಪ್ಪೇತಿ. ಮುದುಕ ತಿರುಗಿ ಚಾಕು ಬೀಸ್ಯಾನ. ಆಮ್ಯಾಲ ಅಂವನ ತಲಿ ಒಡದಾರ. ಮೀರಾಸಾಬನ ಕೊಂದಾಂವ ಇಂವ— ವಾಸುದೇವರಾಯ."

"ನಕಾಶಿ ಎಲ್ಲಿ?" ಫೌಜದಾರರು ಏದುಸಿರು ಬಿಡುತ್ತಿದ್ದರು.

"ನಿಮ್ಮ ಕಾಲಾಗ ಐತಿ," ಅಂದಳು ಜೋಹರಾಬಿ.

ಎಲ್ಲರೂ ನೆಲ ನೋಡಿದೆವು.

"ನೀವು ನೀಲಿ ಹಾಳಿ ಹುಡುಕಿದ್ರಿ. ಅದು ಹಾಳಿ ಅಲ್ರಿ, ಗಂಜಿ ಹಾಕಿದ ಅರಬಿ, ಹತ್ತಿ ಬಟ್ಟಿ. ಬಿಸಿನೀರಾಗ ನೆನಸಿದ್ರ ಗಂಜಿ ಬಿಡತೈತಿ, ಗೆರಿ ಬಿಡತಾವ. ಉಳಿಯೂದು ಮೆತ್ತನ ಬಿಳೇ ಅರಬಿ. ನಕಾಶಿ ಬರಿಯೋರ ಮನ್ಯಾಗ ಕೆಟ್ಟ ನಕಾಶಿ ಸುಡೂದಿಲ್ಲ, ತೊಳದು ಕೂಸಿಗೆ ಕುಂಚಿಗಿ ಹೊಲೀತಾರ. ರಾಯರ ಮನ್ಯಾಗ ಎರಡ ಬಾಣಂತನ ಮಾಡೇನಿ. ಎರಡೂ ಕೂಸು ನಕಾಶಿ ಹೊತ್ಕೊಂಡ ಮಲಗಿದ್ವು. ಇದನ್ನೂ ಸುಡಲಿಕ್ಕೆ ಇವರಿಗೆ ಮನಸ ಬರಲಿಲ್ಲ."

"ಆದ್ರ ಈ ಕೆಂಪು?"

ಅದಕ್ಕೆ ಉತ್ತರ ನನಗೆ ಗೊತ್ತಿತ್ತು. ಮುಂದೆ ಬಂದು ಹೇಳಿದೆ:

"ಗಡಿ ಬದಲಾದಾಗ ಮೀರಾಸಾಬ ಚಾಕುಲೆ ಕೆರದಿದ್ದ. ಕೆರದಲ್ಲಿ ಗಂಜಿ ಇರಲಿಲ್ಲ. ಕೆಂಪ ಶಾಯಿ ನೂಲಿಗೇ ಇಳದೈತಿ. ತೊಳದ್ರ ಹೋಗೂದಿಲ್ಲ. ಉಳದ ಕೆಂಪನ್ನ ಮುಚ್ಚಲಿಕ್ಕೆ ಗಾಯದಕಿಂತ ಚಲೋ ಜಾಗಾ ಎಲ್ಲಿ ಸಿಗತೈತಿ?"

ಪಟ್ಟಿಯನ್ನು ಎತ್ತಿ ಕಾಗದದ ಪ್ರತಿಯ ಮೇಲೆ ಹಾಸಿದೆ. ರಕ್ತದ ಕಲೆಗಳು ಕಂದಾಗಿದ್ದವು. ಗೆರೆ ಮಾತ್ರ ಕೆಂಪಗಿತ್ತು. ನೇರ ಬಂದು, ಕುಡುಗೋಲಿನಂತೆ ಬಾಗಿ, ಬಾವಿಯ ಆಚೆ ಹೋಗಿತ್ತು. ಪ್ರತಿಯ ಗೆರೆ ಈಚೆ. ನಾಲ್ಕನೇ ವಾರ್ಡಿಗೆ ದಾವಲಮಲಿಕನ ಎದುರು ನಿಂತವರು ರಾಯರ ಅಣ್ಣ. ಓಣಿ ಹೊರಗೆ ಹೋದರೆ ಗೆಲುವು ಅವರದು.

ಊರೆಲ್ಲ ತೊಳೆದುಹೋಗಿತ್ತು. ಬದಲಾದ ಗಡಿ ಒಂದೇ ಉಳಿದಿತ್ತು.

ಸಂಜೆ ಸೋಮನಿಂಗನನ್ನು ಬಿಟ್ಟರು. ಗುಂಡವ್ವ ಅವನ ಬಾಯಿಗೆ ತುತ್ತಿಡುತ್ತಿದ್ದಳು. ನಾನು ಅವರ ಗುಡಿಸಲಿನ ಹೊಸಿಲಲ್ಲೇ ನಿಂತೆ.

"ಬರ್ರಿ ಅಕ್ಕಾರ," ಅಂದ. ಬಿದಿರಿನ ಸೀಳಿಗೆ ಕಟ್ಟಿದ ಎರಡು ಬೆರಳುಗಳನ್ನು ಮಡಿಲಲ್ಲಿಟ್ಟುಕೊಂಡಿದ್ದ. "ನಿನ್ನೆ ಮಧ್ಯಾಹ್ನ ನಿಮಗ ಸಾಹೇಬ್ರು ಕರಸಿದ್ರಂತಲ್ಲ?"

"ಹೌದು."

"ಮಧ್ಯಾಹ್ನತನಕ ಇವು ನೆಟ್ಟಗಿದ್ವುರಿ."