ಹಲ್ಲುಸೆಟ್ಟಿನ ಬಿಲ್

ಜೀವನಪೂರ್ತಿ ಪುಕ್ಕಟೆ ಎಂದು ಕೊಟ್ಟ ಕ್ರೆಡಿಟ್ ಕಾರ್ಡಿಗೆ ಬ್ಯಾಂಕಿನವರು ವರ್ಷದ ಶುಲ್ಕ ಜಡಿದ ದಿನ ದರ್ಜಿಯ ಹೊಟ್ಟೆಯಲ್ಲಿ ಹೊತ್ತಿದ ಬೆಂಕಿಗೆ ಏಳು ಇಸ್ತ್ರಿಪೆಟ್ಟಿಗೆ ಕಾಯಿಸಬಹುದಿತ್ತು. ಬ್ಯಾಂಕಿಗೆ ಬುದ್ಧಿ ಕಲಿಸಲೇಬೇಕು. ಆದರೆ ತನ್ನ ಕ್ರೆಡಿಟ್ ಸ್ಕೋರಿಗೆ ಒಂದು ಗೀರೂ ಬೀಳಬಾರದು. ಒಂಬೈನೂರಕ್ಕೆ ಎಂಟುನೂರ ಹನ್ನೆರಡು! ಹೆತ್ತ ಮಕ್ಕಳನ್ನೂ ಅವನು ಅಷ್ಟು ಹೊಗಳಿದವನಲ್ಲ. ಎರಡನೇ ಅಂಗಡಿಗೆಂದು ಅದೇ ಬ್ಯಾಂಕಿನಲ್ಲಿ ಕೇಳಿದ್ದ ಸಾಲ ಮುಂದಿನ ತಿಂಗಳು ಮಂಜೂರಾಗಬೇಕಿದ್ದುದು ಅದರ ಬಲದಿಂದಲೇ.

ಉಪಾಯ ಸರಳವಾಗಿತ್ತು. ಮಹಾಬುದ್ಧಿವಂತರದ್ದು ಹಾಗೇ ಇರುತ್ತದೆ ಎಂದು ತನ್ನನ್ನು ತಾನೇ ಮೆಚ್ಚಿಕೊಂಡ. ಊರಾಚೆಯ ದಂತವೈದ್ಯರ ಹತ್ತಿರ ಸುಳ್ಳು ಹೆಸರು ಬರೆಸಿ ಹಲ್ಲುಸೆಟ್ಟು ಮಾಡಿಸಿಕೊಂಡ. ಸೆಟ್ಟು ಕೈಗೆ ಬಂದ ದಿನ, ಐದು ಸಾವಿರದೊಳಗಾದರೆ ಪಿನ್ ಒತ್ತುವ ಗೋಜೇ ಇಲ್ಲವೆಂದು ಬಿಲ್ಲನ್ನು ಆರು ತುಂಡು ಮಾಡಿಸಿ, ಆರು ಸಲ ಕಾರ್ಡ್ ಮುಟ್ಟಿಸಿದ. ಆಮೇಲೆ ಕಾರ್ಡನ್ನು ಕತ್ತರಿಸಿ ಚರಂಡಿಗೆ ಹಾಕಿ, ಬ್ಯಾಂಕಿಗೆ ಫೋನ್ ಮಾಡಿದ.

"ಕಾರ್ಡ್ ಕಳೆದ್ಹೋಯ್ತಮ್ಮಾ! ಯಾವನೋ ಕಳ್ಳ ಉಜ್ಜಿ ಉಜ್ಜಿ ಸವೆಸಿಬಿಟ್ಟಿದ್ದಾನೆ!"

ಅವನು ಅತ್ತ ಅಳುವಿಗೆ ಫೋನೇ ಒದ್ದೆಯಾಯಿತು. ಮೂರು ದಿನದೊಳಗೆ ದೂರು ಕೊಟ್ಟರೆ ನಯಾಪೈಸೆ ಕಟ್ಟಬೇಕಿಲ್ಲ ಎಂಬುದನ್ನು ಓದಿಕೊಂಡಿದ್ದ. 'ವಿಚಾರಣೆ ಮುಗಿಯುವವರೆಗೆ ನನ್ನ ಸ್ಕೋರ್ ಮುಟ್ಟತಕ್ಕದ್ದಲ್ಲ' ಎಂದು ಅರ್ಜಿಯಲ್ಲಿ ಬರೆದು ಎರಡೆರಡು ಗೆರೆ ಎಳೆದ.

ಬ್ಯಾಂಕಿನಿಂದ ಕರೆ ಬಂದ ಬೆಳಿಗ್ಗೆ ಹೆಂಡತಿ ಬಾಗಿಲಲ್ಲಿ ತಡೆದಳು.

"ರೀ, ಹಲ್ಲು ಹಾಕ್ಕೊಂಡು ಹೋಗ್ರೀ. ಬೊಚ್ಚುಬಾಯಲ್ಲಿ ನಿನ್ನೆ ಹುಟ್ಟಿದ ಕೂಸಿನ ಥರ ಕಾಣ್ತೀರಿ."

"ಸುಮ್ನಿರೇ, ನಿಂಗೇನ್ ಗೊತ್ತು! ಇವತ್ತು ಈ ಬೊಚ್ಚುಬಾಯೇ ನನ್ನ ಲಾಯರ್ರು."

ಬ್ಯಾಂಕಿನ ಅಧಿಕಾರಿಣಿ ಅವನ ಮೊಮ್ಮಗಳಷ್ಟು ಚಿಕ್ಕವಳು. ಅವಳನ್ನು ಕಂಡು ದರ್ಜಿಗೆ ಅಯ್ಯೋ ಪಾಪ ಅನ್ನಿಸಿತು.

"ನೋಡಮ್ಮಾ, ಹಲ್ಲು ಕಟ್ಟಿಸ್ಕೊಂಡೋನ ಬಾಯೇನಮ್ಮಾ ಇದು?" ಎಂದು, ಸೀಲಿಂಗ್ ಫ್ಯಾನು ರೆಕ್ಕೆಸಮೇತ ಒಳಗೆ ಹೋಗುವಷ್ಟು ಬಾಯಿ ತೆರೆದ. ಅವಳು ಬಗ್ಗಿ ನೋಡಿದಳು. ನೋಡೇ ನೋಡಿದಳು. ಅವನು ಉದಾರವಾಗಿ ಇನ್ನೂ ಅಗಲ ಮಾಡಿದ.

ಅವಳು ಡ್ರಾಯರಿನಿಂದ ಒಂದು ರಟ್ಟಿನ ಡಬ್ಬಿ ತೆಗೆದಳು. "ನಾವು ದುಡ್ಡು ವಾಪಸ್ ಕೊಡಿ ಅಂದಿದ್ದಕ್ಕೆ ಡಾಕ್ಟ್ರು ಇದನ್ನ ಕಳ್ಸಿದ್ದಾರೆ. ಹಲ್ಲು ಮಾಡೋಕೆ ಮುಂಚೆ ಆ ಕಳ್ಳನ ಬಾಯಿಂದ ತೆಗೆದ ಅಚ್ಚಂತೆ." ಮೇಜಿನ ಮೇಲೆ ಬಿಳಿ ಗಾರೆಯ ಒಸಡು ಕೂತಿತು. ಅದರ ಬಲಮೂಲೆಯಲ್ಲಿ ಒಂಟಿ ದವಡೆಹಲ್ಲು, ಮುನಿಸಿಕೊಂಡು ಗೋಡೆಗೆ ಮುಖ ಮಾಡಿದ ಅತ್ತೆಯ ಹಾಗೆ ಅಡ್ಡ ತಿರುಗಿತ್ತು. ದರ್ಜಿಯ ನಾಲಿಗೆ ತಾನಾಗಿಯೇ ಬಲಕ್ಕೆ ಸರಿದು ತನ್ನ ಬಾಯಲ್ಲಿದ್ದ ಅಂಥದ್ದೇ ಅಡ್ಡಹಲ್ಲನ್ನು ತಡವಿತು. ಅವನು ಬಾಯಿ ಮುಚ್ಚಲು ಹೋದ. "ಮುಚ್ಚಬೇಡಿ ಯಜಮಾನ್ರೇ," ಎಂದು ಅವಳು ಮೊಬೈಲಿನ ಟಾರ್ಚ್ ಹಚ್ಚಿದಳು. "ನಿಮ್ಮ ಸಾಲದ ಫೈಲ್ ಮುಚ್ಚೋಕೆ ಮುಂಚೆ ಇನ್ನೊಂದ್ಸಲ ನೋಡ್ಕೋತೀನಿ."